ಬೀಗ ಬಿದ್ದ ಮನೆ: ನೆರೆಯವರ ಹಕ್ಕು, ಮಾಲೀಕರ ಹೊಣೆ

ಪ್ರಶ್ನೆ: ಮಡಿಕೇರಿಯಲ್ಲಿ ನಮ್ಮ ಮನೆಯ ಮೇಲ್ಬದಿಯಲ್ಲಿರುವ ಹಳೆಯ ಹೆಂಚಿನ ಮನೆಗೆ ಹಲವು ವರ್ಷಗಳಿಂದ ಬೀಗ ಬಿದ್ದಿದೆ. ಕಿಟಕಿಗಳಿಗೆ ಹಲಗೆ ಹೊಡೆದಿದ್ದಾರೆ. ಹಿರಿಯರು ತೀರಿಕೊಂಡ ಮೇಲೆ ಮಕ್ಕಳು ಬೆಂಗಳೂರಿನಲ್ಲೂ ವಿದೇಶದಲ್ಲೂ ನೆಲೆಸಿದ್ದಾರೆ. ಮಾಡು ಒಂದು ಬದಿ ಕುಸಿದು, ನಮ್ಮ ಅಡುಗೆಮನೆಯ ಕಡೆಯ ಗೋಡೆ ವಾಲಿದೆ. ವಿಚಾರಿಸಿದಲ್ಲೆಲ್ಲ ‘ಅದು ಖಾಸಗಿ ಆಸ್ತಿ, ಮಾಲೀಕರ ಜೊತೆ ಮಾತನಾಡಿಕೊಳ್ಳಿ’ ಎನ್ನುತ್ತಾರೆ. ಏನು ಮಾಡಬೇಕು?
– ಓದುಗರು, ಮಡಿಕೇರಿ

ಉತ್ತರ: ಬೀಳುವ ಸ್ಥಿತಿಯಲ್ಲಿರುವ ಕಟ್ಟಡ ಖಾಸಗಿಯಾದರೂ ಅದರ ಅಪಾಯ ಖಾಸಗಿಯಲ್ಲ. ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿಗಳಿಗೆ ಅನ್ವಯಿಸುವ 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯ ಪ್ರಕಾರ, ಅಪಾಯಕಾರಿ ಕಟ್ಟಡವನ್ನು ದುರಸ್ತಿ ಮಾಡಲು, ಭದ್ರಪಡಿಸಲು ಅಥವಾ ಕೆಡವಲು ಮಾಲೀಕರಿಗೆ ನೋಟಿಸ್ ಕೊಡುವ ಅಧಿಕಾರ ಸ್ಥಳೀಯ ಸಂಸ್ಥೆಗಿದೆ. ಮಾಲೀಕರು ಮಾಡದಿದ್ದರೆ ತಾನೇ ಮಾಡಿಸಿ, ತಗುಲಿದ ವೆಚ್ಚವನ್ನು ಅವರಿಂದಲೇ ವಸೂಲು ಮಾಡಬಹುದು.

ಆದ್ದರಿಂದ ಮೊದಲು ಪೌರಾಯುಕ್ತರಿಗೆ ಲಿಖಿತ ಅರ್ಜಿ ಕೊಡಿ. ‘ಪಕ್ಕದ ಮನೆಯಿಂದ ತೊಂದರೆ’ ಎಂದಷ್ಟೇ ಬರೆದರೆ ಅದು ಕಡತದಲ್ಲೇ ಉಳಿಯುತ್ತದೆ. ಆ ಮನೆಯ ಸಂಖ್ಯೆ, ಬೀದಿ, ವಾರ್ಡು, ವಾಲಿದ ಗೋಡೆಗೂ ನಿಮ್ಮ ಅಡುಗೆಮನೆಗೂ ಇರುವ ಅಂತರ, ಬಿರುಕು ಎಲ್ಲಿಂದ ಎಲ್ಲಿಯವರೆಗೆ ಹೋಗಿದೆ ಎಂಬ ವಿವರ, ದಿನಾಂಕವಿರುವ ಛಾಯಾಚಿತ್ರಗಳು ಇವೆಲ್ಲ ಅರ್ಜಿಯಲ್ಲಿರಲಿ. ಸ್ಥಳ ಪರಿಶೀಲಿಸಿ ಮಹಜರು ಮಾಡಬೇಕೆಂದು ಸ್ಪಷ್ಟವಾಗಿ ಕೋರಿ, ಸ್ವೀಕೃತಿ ಮುದ್ರೆಯಿರುವ ಪ್ರತಿಯನ್ನು ಪಡೆದುಕೊಂಡೇ ಬನ್ನಿ. ಅರ್ಜಿಯ ಮೇಲೆ ಏನು ಕ್ರಮವಾಯಿತು ಎಂಬುದನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಬಹುದು. ಅದಕ್ಕೆ 30 ದಿನಗಳೊಳಗೆ ಉತ್ತರ ಬರಬೇಕು.

ಇದರ ಜೊತೆಗೆ ಇನ್ನೊಂದು ದಾರಿಯಿದೆ, ಮತ್ತು ನಿಮ್ಮಂಥವರಿಗೆ ಅದೇ ಹೆಚ್ಚು ಬಲವಾದದ್ದೆಂದು ನನ್ನ ಅಭಿಪ್ರಾಯ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಿನಡಿ (ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದು 133ನೇ ಕಲಂ) ಉಪವಿಭಾಗಾಧಿಕಾರಿಗಳು ದಂಡಾಧಿಕಾರಿಯ ನೆಲೆಯಲ್ಲಿ, ಬೀಳುವಂತಿರುವ ಕಟ್ಟಡವನ್ನಾಗಲಿ ಮರವನ್ನಾಗಲಿ ತೆಗೆಯಲು, ದುರಸ್ತಿ ಮಾಡಲು ಅಥವಾ ಆಸರೆ ಕೊಡಲು ಆದೇಶಿಸಬಹುದು. ಆ ಕಟ್ಟಡ ಬಿದ್ದರೆ ದಾರಿಹೋಕರಿಗೆ ಮಾತ್ರವಲ್ಲ, ನೆರೆಹೊರೆಯಲ್ಲಿ ವಾಸಿಸುವವರಿಗೆ ಅಪಾಯವಾಗುವಂತಿದ್ದರೂ ಸಾಕು ಎಂದು ಆ ಕಲಂ ಬಿಡಿಸಿ ಹೇಳುತ್ತದೆ. ಮಾಲೀಕರಿಗೆ ಆಕ್ಷೇಪಣೆ ಸಲ್ಲಿಸಲು ಅವಕಾಶ ಕೊಟ್ಟೇ ಮುಂದುವರಿಯಬೇಕಾದರೂ, ಅಪಾಯ ತಕ್ಷಣದ್ದಾಗಿದ್ದರೆ ವಿಚಾರಣೆ ಮುಗಿಯುವ ಮೊದಲೇ ಮುನ್ನೆಚ್ಚರಿಕೆಯ ಕ್ರಮ ಕೈಗೊಳ್ಳುವ ಅಧಿಕಾರವೂ ಅವರಿಗಿದೆ. ಮುಂಗಾರು ಹತ್ತಿರವಿದ್ದರೆ ಈ ಮಾತನ್ನು ಅರ್ಜಿಯಲ್ಲಿ ಒತ್ತಿ ಬರೆಯಿರಿ. 2018ರ ಆಗಸ್ಟಿನ ಬರೆ ಕುಸಿತಗಳನ್ನು ಕಂಡ ಊರಿನಲ್ಲಿ ಇಳಿಜಾರಿನ ಮೇಲಿನ ವಾಲಿದ ಗೋಡೆ ಎಂದರೇನೆಂದು ಯಾವ ಅಧಿಕಾರಿಗೂ ವಿವರಿಸಬೇಕಾಗಿಲ್ಲ.

ನೀವೇ ಒಳಹೊಕ್ಕು ಗೋಡೆ ಕೆಡವುವ ಕೆಲಸಕ್ಕೆ ಮಾತ್ರ ಕೈಹಾಕಬೇಡಿ. ಅದು ಅತಿಕ್ರಮ ಪ್ರವೇಶವಾಗಿ, ನ್ಯಾಯ ನಿಮ್ಮ ಕಡೆಗಿದ್ದರೂ ಆರೋಪ ನಿಮ್ಮ ಮೇಲೆಯೇ ಬರುತ್ತದೆ.

ಪ್ರಶ್ನೆ: ನನ್ನ ಮಗ ಅಮೆರಿಕದ ಫಿಲಡೆಲ್ಫಿಯಾದಲ್ಲಿದ್ದಾನೆ. ಅಲ್ಲಿ ಖಾಲಿ ಮನೆಯ ಕಿಟಕಿಗೆ ಹಲಗೆ ಹೊಡೆದು ಬಿಡುವಂತಿಲ್ಲ ಎನ್ನುತ್ತಾನೆ. ಇದು ನಿಜವೇ? ನಮ್ಮ ಊರುಗಳಿಗೂ ಇಂಥ ನಿಯಮ ಬರಬಾರದೇ?
– ಓದುಗರು, ಕುಶಾಲನಗರ

ಉತ್ತರ: ನಿಜ. ಬಹುಪಾಲು ಮನೆಗಳಲ್ಲಿ ಜನರು ವಾಸವಿರುವ ಬೀದಿಯಲ್ಲಿ ಖಾಲಿ ಮನೆಯಿದ್ದರೆ, ಅದಕ್ಕೆ ಹಲಗೆಯ ಬದಲು ನಿಜವಾದ ಬಾಗಿಲು ಕಿಟಕಿಗಳೇ ಇರಬೇಕೆಂಬ ನಿಯಮವನ್ನು ಆ ನಗರ 2011ರಿಂದ ಬಿಗಿಯಾಗಿ ಜಾರಿಗೊಳಿಸಿತು. ನಿಯಮ ಪಾಲಿಸಿದ ಮನೆಗಳ ಸುತ್ತಮುತ್ತ ಹಲ್ಲೆಯಂಥ ಅಪರಾಧಗಳು ಇಳಿದವೆಂದು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದರು. ಕೆನಡಾದ ವ್ಯಾಂಕೂವರ್ 2017ರಲ್ಲಿ ಖಾಲಿ ಮನೆಗಳ ಮೇಲೆ ಪ್ರತ್ಯೇಕ ತೆರಿಗೆ ತಂದಿತು. ಆಗ ಆಸ್ತಿಯ ಮೌಲ್ಯದ ಶೇ. 1ರಷ್ಟಿದ್ದ ಅದು 2021ರಲ್ಲಿ ಶೇ. 3ಕ್ಕೇರಿತು.

ನಮ್ಮಲ್ಲಿ ಅಂಥ ತೆರಿಗೆಗಿಂತ ಮೊದಲು ಬೇಕಾದದ್ದು ಬೀಗ ಬಿದ್ದ ಮನೆಗಳ ಒಂದು ದಾಖಲೆ ಪುಸ್ತಕ: ಮಾಲೀಕರ ಈಗಿನ ವಿಳಾಸ, ಫೋನ್ ಸಂಖ್ಯೆ ಮತ್ತು ಊರಿನಲ್ಲೇ ಇರುವ ಒಬ್ಬ ಜವಾಬ್ದಾರರ ಹೆಸರು. ಕೊಡಗಿನಲ್ಲಿ ಇದು ತೀರಾ ಅಗತ್ಯ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಮಡಿಕೇರಿಯಂಥ ಊರಿನಲ್ಲಿ ಮುಚ್ಚಿದ ಮನೆ ವಾಸದ ಮನೆಗಿಂತ ಬಹುಬೇಗ ಹಾಳಾಗುತ್ತದೆ. ಗಾಳಿಗೋ ಮಂಗಗಳ ಓಡಾಟಕ್ಕೋ ಒಂದು ಹೆಂಚು ಜರುಗಿದರೆ ಸಾಕು. ವಾಸವಿದ್ದವರಾದರೆ ಮರುದಿನವೇ ಸರಿಪಡಿಸುತ್ತಾರೆ, ಇಲ್ಲದಿದ್ದರೆ ಆ ಸಂದಿನಿಂದ ಇಳಿದ ನೀರು ಹೆಂಚು ಕೂರುವ ರೀಪನ್ನು ನೆನೆಸಿ, ಅದನ್ನು ಹೊತ್ತ ಇಳಿಜಾರು ಮರವಾದ ಪಕಾಸಿಗೆ ಹರಿದು, ಗೋಡೆಯ ತಲೆಯ ಮೇಲೆ ನಿಲ್ಲುತ್ತದೆ. ಮಣ್ಣಿನ ಗೋಡೆ ಅಲ್ಲಿಂದಲೇ ಕರಗತೊಡಗುತ್ತದೆ. ಕಿಟಕಿಗೆ ಹೊಡೆದ ಹಲಗೆ ಒಳಗಿನ ತೇವ ಆರದಂತೆ ತಡೆಯುವುದರಿಂದ ಗೆದ್ದಲಿಗೆ ಅದು ಅನುಕೂಲವೇ. ಹೀಗೆ ಒಂದು ಹೆಂಚಿನ ಖರ್ಚಿನಲ್ಲಿ ಮುಗಿಯಬಹುದಾಗಿದ್ದ ಕೆಲಸ, ಕರೆ ಮಾಡಲು ಒಂದು ಸಂಖ್ಯೆಯೂ ಇಲ್ಲದ ಕಾರಣಕ್ಕೆ, ಇಡೀ ಮನೆಯನ್ನೇ ಕಳೆದುಕೊಳ್ಳುವಲ್ಲಿಗೆ ಹೋಗುವುದು ನೋವಿನ ಸಂಗತಿ. ನಿಮ್ಮ ವಾರ್ಡಿನ ಸದಸ್ಯರ ಮೂಲಕ ಈ ಬೇಡಿಕೆಯನ್ನು ಪುರಸಭೆಯ ಮುಂದಿಡಿ.

ಪ್ರಶ್ನೆ: ವಿರಾಜಪೇಟೆಯಲ್ಲಿರುವ ನಮ್ಮ ತಂದೆಯ ಮನೆಗೆ ಬೀಗ ಹಾಕಿ ಮೈಸೂರಿಗೆ ಬಂದಿದ್ದೇವೆ. ಪರಿಚಯದವರನ್ನು ಇರಿಸಿದರೆ 12 ವರ್ಷಗಳ ನಂತರ ಮನೆ ಅವರದಾಗುತ್ತದೆ ಎಂದು ಹೆದರಿಸುತ್ತಾರೆ.
– ಓದುಗರು, ಮೈಸೂರು

ಉತ್ತರ: ಈ ಹೆದರಿಕೆಯೇ ಎಷ್ಟೋ ಒಳ್ಳೆಯ ಮನೆಗಳಿಗೆ ಬೀಗ ಹಾಕಿಸಿದೆ. 1963ರ ಕಾಲಮಿತಿ ಕಾಯ್ದೆಯ 12 ವರ್ಷಗಳ ಲೆಕ್ಕ ಅನ್ವಯಿಸುವುದು ಮಾಲೀಕರ ಹಕ್ಕಿಗೆ ವಿರುದ್ಧವಾಗಿ, ಬಹಿರಂಗವಾಗಿ, ನಿರಂತರವಾಗಿ ಸ್ವಾಧೀನದಲ್ಲಿದ್ದವರಿಗೆ. ನಿಮ್ಮ ಅನುಮತಿಯಿಂದ ಬಾಡಿಗೆದಾರರಾಗಿಯೋ ಮನೆ ನೋಡಿಕೊಳ್ಳುವವರಾಗಿಯೋ ಇರುವವರು, ಎಷ್ಟೇ ವರ್ಷ ಇದ್ದರೂ, ಅಷ್ಟರಿಂದಲೇ ಒಡೆಯರಾಗುವುದಿಲ್ಲ. ಕರಾರು ಪತ್ರ ಬರೆಸಿ, ಕಾಲಕಾಲಕ್ಕೆ ನವೀಕರಿಸಿ, ಬಾಡಿಗೆ ಎಷ್ಟು ಅಲ್ಪವಾಗಿದ್ದರೂ ಬ್ಯಾಂಕಿನ ಮೂಲಕವೇ ಪಡೆಯಿರಿ. ತಂದೆಯವರು ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ, ವಂಶವೃಕ್ಷಗಳೊಡನೆ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಾಯಿಸಿಕೊಳ್ಳಿ, ಏಕೆಂದರೆ ನೋಟಿಸ್ ಹೋಗುವುದು ಖಾತೆಯಲ್ಲಿರುವ ಹೆಸರಿಗೆ. ಆಸ್ತಿ ತೆರಿಗೆಯನ್ನು ತಪ್ಪದೆ ಕಟ್ಟಿ, ಆದರೆ ತೆರಿಗೆ ರಸೀದಿಯೊಂದೇ ಮಾಲೀಕತ್ವದ ದಾಖಲೆಯಲ್ಲ ಎಂಬುದು ನೆನಪಿರಲಿ.

ಮತ್ತೊಂದು ವಿಷಯ: 2024ರಲ್ಲಿ ರಾಜ್ಯ ಸರ್ಕಾರವು ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ ತಂದ ನಿಯಮಗಳಲ್ಲಿ, ಸೊಳ್ಳೆ ಉತ್ಪತ್ತಿಗೆ ಎಡೆಮಾಡಿದ ಪಾಳುಬಿದ್ದ ಆಸ್ತಿಗೆ ನಗರ ಪ್ರದೇಶದಲ್ಲಿ 2,000 ರೂ., ಗ್ರಾಮೀಣ ಪ್ರದೇಶದಲ್ಲಿ 1,000 ರೂ. ದಂಡ ಗೊತ್ತುಮಾಡಲಾಗಿದೆ. ಬೀಗ ಹಾಕುವ ಮುನ್ನ ತೊಟ್ಟಿ, ಡ್ರಮ್ಮುಗಳನ್ನು ಬರಿದು ಮಾಡಿ ಮಗುಚಿಡಿ.

ಪ್ರಶ್ನೆ: ನಮ್ಮ ಗ್ರಾಮದಲ್ಲಿ ತೋಟದ ಲೈನ್‌ಮನೆಗಳು (ಕಾರ್ಮಿಕರ ಸಾಲುಮನೆಗಳು) ಪಾಳುಬಿದ್ದಿವೆ. ಇಲ್ಲಿ ನಗರಸಭೆಯಿಲ್ಲ. ಯಾರಿಗೆ ದೂರು ಕೊಡಬೇಕು?
– ಓದುಗರು, ನಾಪೋಕ್ಲು

ಉತ್ತರ: ಗ್ರಾಮ ಪಂಚಾಯಿತಿಯ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರಿಗೆ ಲಿಖಿತವಾಗಿ ಕೊಡಿ, ಗ್ರಾಮಸಭೆಯಲ್ಲೂ ಪ್ರಸ್ತಾಪಿಸಿ ನಡಾವಳಿಯಲ್ಲಿ ದಾಖಲಾಗುವಂತೆ ನೋಡಿಕೊಳ್ಳಿ. ಮೊದಲ ಉತ್ತರದಲ್ಲಿ ಹೇಳಿದ 152ನೇ ಕಲಂ ಗ್ರಾಮಗಳಿಗೂ ಅನ್ವಯಿಸುತ್ತದೆ. ಆ ಮನೆಗಳಲ್ಲಿ ಯಾವುದರಲ್ಲಾದರೂ ಈಗಲೂ ಕಾರ್ಮಿಕ ಕುಟುಂಬಗಳು ವಾಸವಿದ್ದರೆ ಅದನ್ನು ಅರ್ಜಿಯ ಮೊದಲ ಸಾಲಿನಲ್ಲೇ ಬರೆಯಿರಿ. ಅವರಿಗೆ ಬೇರೆ ಸೂರು ಒದಗಿಸದೆ ಕೆಡವಲು ಕೇಳಬೇಡಿ.