ಓದುಗರ ಪ್ರಶ್ನೆ: ‘ಕನಿಷ್ಠ’ ಎಂದಾಗ ಯಾವ ಚಿಹ್ನೆ?

ಪ್ರಶ್ನೆ: ಒಂಬತ್ತನೆಯ ತರಗತಿಯಲ್ಲಿರುವ ನನ್ನ ಮಗಳು ಅಸಮತೆಗಳನ್ನು (ಒಂದು ಇನ್ನೊಂದಕ್ಕಿಂತ ಹೆಚ್ಚು ಅಥವಾ ಕಡಿಮೆ ಎಂದು ಹೇಳುವ ಲೆಕ್ಕಗಳನ್ನು) ಚಿಹ್ನೆಗಳಲ್ಲಿ ಕೊಟ್ಟರೆ ತಪ್ಪಿಲ್ಲದೆ ಬಿಡಿಸುತ್ತಾಳೆ. ಅದೇ ಲೆಕ್ಕ ವಾಕ್ಯರೂಪದಲ್ಲಿ ಬಂದರೆ ಚಿಹ್ನೆಯನ್ನು ತಿರುವುಮುರುವು ಬರೆಯುತ್ತಾಳೆ. ಉತ್ತರ ದಶಮಾಂಶದಲ್ಲಿ ಬಂದರಂತೂ ಏನು ಬರೆಯಬೇಕೆಂದು ತೋಚದೆ ಕುಳಿತುಬಿಡುತ್ತಾಳೆ. ಅವಳಿಗೆ ಹೇಗೆ ಹೇಳಿಕೊಡಲಿ?

ಉತ್ತರ: ನಿಮ್ಮ ಮಗಳಿಗೆ ಬೀಜಗಣಿತ ಬರುತ್ತದೆ, ಅವಳು ಎಡವುತ್ತಿರುವುದು ವಾಕ್ಯವನ್ನು ಓದುವಲ್ಲಿ. ‘ಕನಿಷ್ಠ’ ಎಂಬ ಪದಕ್ಕೆ ‘ಎಲ್ಲಕ್ಕಿಂತ ಕಡಿಮೆಯದು’ ಎಂಬ ಅರ್ಥವಿರುವುದರಿಂದ, ‘ಕನಿಷ್ಠ 60 ಅಂಕ ಬೇಕು’ ಎಂಬುದನ್ನು ಕಂಡೊಡನೆ ಮಕ್ಕಳ ಕೈ ‘ಕಡಿಮೆ’ಯ ಚಿಹ್ನೆಯತ್ತ ಹೋಗುತ್ತದೆ. ಇದಕ್ಕೆ ನಾನು ಕಂಡ ಅತ್ಯಂತ ನಂಬಿಕೆಯ ಉಪಾಯವೆಂದರೆ, ಚಿಹ್ನೆ ಬರೆಯುವ ಮೊದಲು ಗಡಿಯ ಸಂಖ್ಯೆಯನ್ನೂ ಅದರ ಅಕ್ಕಪಕ್ಕದ ಎರಡು ಸಂಖ್ಯೆಗಳನ್ನೂ ತೆಗೆದುಕೊಂಡು, ಪ್ರತಿಯೊಂದಕ್ಕೂ ‘ಇಷ್ಟಾದರೆ ಸಾಕೇ?’ ಎಂದು ಬಾಯಿಬಿಟ್ಟು ಕೇಳಿಕೊಳ್ಳುವುದು. 59 ಸಾಲದು, 60 ಸಾಕು, 61 ಕೂಡ ಸಾಕು; ಹಾಗಾದರೆ ಅಂಕವನ್ನು ‘ಅ’ ಎಂದಿಟ್ಟುಕೊಂಡಾಗ ಬರೆಯಬೇಕಾದದ್ದು ಅ ≥ 60. ‘ಗರಿಷ್ಠ’, ‘ಮೀರಬಾರದು’, ‘ಕಡಿಮೆಯಾಗಬಾರದು’ ಎಂಬ ಮಾತುಗಳಿಗೂ ಇದೇ ಪರೀಕ್ಷೆ ಸಾಕು; ಪಟ್ಟಿ ಮಾಡಿ ಬಾಯಿಪಾಠ ಮಾಡಿಸಬೇಡಿ.

ಗಡಿಯ ಸಂಖ್ಯೆ ಸೇರುತ್ತದೆಯೋ ಇಲ್ಲವೋ ಎಂಬುದನ್ನು ಸಣ್ಣ ವಿಷಯವೆಂದು ಬಿಡುವಂತಿಲ್ಲ. < ಮತ್ತು > ಚಿಹ್ನೆಗಳು ಇಂಗ್ಲಿಷ್ ಗಣಿತಜ್ಞ ಥಾಮಸ್ ಹ್ಯಾರಿಯಟ್ ಅವರ ಮರಣಾನಂತರ 1631ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಕಾಣಿಸಿಕೊಂಡವು; ‘ಅಥವಾ ಸಮ’ ಎಂಬುದನ್ನು ಒಳಗೊಂಡ ಚಿಹ್ನೆಯನ್ನು ಫ್ರೆಂಚ್ ಗಣಿತಜ್ಞ ಪಿಯರ್ ಬುಗೆರ್ ಬಳಸಿದ್ದು 1734ರಲ್ಲಿ. ಗಣಿತಜ್ಞರಿಗೇ ಅದಕ್ಕೊಂದು ಪ್ರತ್ಯೇಕ ಗುರುತು ಬೇಕೆನಿಸಿತ್ತು.

ಇನ್ನೊಂದು ತೊಡಕು ‘ಕಡಿಮೆ’ ಎಂಬ ಪದದಲ್ಲಿಯೇ ಇದೆ. ‘ಅ ಎಂಬುದಕ್ಕಿಂತ 5 ಕಡಿಮೆ’ ಎಂದರೆ ಅ − 5 ಎಂಬ ಕಳೆಯುವ ಲೆಕ್ಕ. ‘ಅ ಎಂಬುದು 5ಕ್ಕಿಂತ ಕಡಿಮೆ’ ಎಂದರೆ ಅ < 5 ಎಂಬ ಅಸಮತೆ. ಪದಗಳು ಹೆಚ್ಚುಕಡಿಮೆ ಅವೇ, ಆದರೆ ‘ಕ್ಕಿಂತ’ ಎಂಬುದು ಯಾವುದಕ್ಕೆ ಅಂಟಿಕೊಂಡಿದೆ ಎಂಬುದರ ಮೇಲೆ ಅರ್ಥ ನಿಂತಿದೆ. ಅಲ್ಲದೆ ಕನ್ನಡದಲ್ಲಿ ಹೋಲಿಕೆಯ ಪದ ವಾಕ್ಯದ ತುದಿಗೆ ಬರುತ್ತದೆ, ಬೀಜಗಣಿತದಲ್ಲಿ ಚಿಹ್ನೆ ನಡುವೆ ಕೂರುತ್ತದೆ. ಆದ್ದರಿಂದ ವಾಕ್ಯವನ್ನು ಕೊನೆಯವರೆಗೆ ಓದಿ ಮುಗಿಸುವ ತನಕ ಪೆನ್ಸಿಲ್ ಹಿಡಿಯದಿರುವುದು ಲೇಸು.

ಈಗ ದಶಮಾಂಶದ ಪ್ರಶ್ನೆ. ಒಂದು ಲಿಫ್ಟ್ ಗರಿಷ್ಠ 680 ಕಿಲೋ ಹೊರಬಲ್ಲದು. 72 ಕಿಲೋ ತೂಕದ ಒಬ್ಬರು ತಲಾ 35 ಕಿಲೋ ತೂಗುವ ಪೆಟ್ಟಿಗೆಗಳನ್ನು ಸಾಗಿಸಬೇಕು ಎಂದುಕೊಳ್ಳಿ. ಪೆಟ್ಟಿಗೆಗಳ ಸಂಖ್ಯೆ ‘ಪ’ ಆದರೆ 72 + 35ಪ ≤ 680, ಅಂದರೆ 35ಪ ≤ 608. ಭಾಗಿಸಿದರೆ ಸುಮಾರು 17.37. ಒಂದು ಸಲಕ್ಕೆ ಹೆಚ್ಚೆಂದರೆ 17 ಪೆಟ್ಟಿಗೆಗಳು. ಇನ್ನು 212 ಜನರನ್ನು 48 ಆಸನಗಳ ಬಸ್ಸುಗಳಲ್ಲಿ ಕರೆದೊಯ್ಯಬೇಕಾದರೆ, ಬಸ್ಸುಗಳ ಸಂಖ್ಯೆ ‘ಬ’ ಎಂದಾಗ 48ಬ ≥ 212, ಅಂದರೆ ‘ಬ’ ಸುಮಾರು 4.42ಕ್ಕಿಂತ ಕಡಿಮೆ ಇರಕೂಡದು. ಅರ್ಧಕ್ಕಿಂತ ಕಡಿಮೆಯಿದ್ದರೆ ಬಿಟ್ಟುಬಿಡು ಎಂಬ ಸಾಮಾನ್ಯ ನಿಯಮವನ್ನು ಇಲ್ಲಿ ಹಚ್ಚಿ 4 ಬಸ್ಸು ಎಂದು ಬರೆದರೆ, 192 ಜನರಿಗಷ್ಟೇ ಆಸನ ಸಿಕ್ಕಿ 20 ಜನ ಉಳಿದುಹೋಗುತ್ತಾರೆ. ಬೇಕಾದದ್ದು 5 ಬಸ್ಸು. ಎರಡು ಲೆಕ್ಕಗಳಲ್ಲಿಯೂ ದಶಮಾಂಶ ಅರ್ಧಕ್ಕಿಂತ ಕಡಿಮೆಯೇ ಇತ್ತು. ಒಂದರಲ್ಲಿ ಕೆಳಗಿಳಿಯಬೇಕಾಯಿತು, ಇನ್ನೊಂದರಲ್ಲಿ ಮೇಲೇರಬೇಕಾಯಿತು. ಸಿಕ್ಕ ಪೂರ್ಣಸಂಖ್ಯೆಯನ್ನೂ ಅದರ ನೆರೆಯದನ್ನೂ ಮೂಲ ವಾಕ್ಯಕ್ಕೆ ಹಾಕಿ ನೋಡುವಂತೆ ಮಗಳಿಗೆ ಹೇಳಿ: 17 ಪೆಟ್ಟಿಗೆಗಳಿಗೆ ಒಟ್ಟು ತೂಕ 667, 18ಕ್ಕೆ 702. ಅಷ್ಟು ನೋಡಿದ ಮೇಲೆ ಅನುಮಾನ ಉಳಿಯುವುದಿಲ್ಲ.

ಪ್ರಶ್ನೆ: ಋಣಸಂಖ್ಯೆಯಿಂದ ಭಾಗಿಸಿದಾಗ ಅಸಮತೆಯ ಚಿಹ್ನೆ ಏಕೆ ತಿರುಗಬೇಕು? ನಿಯಮವೆಂದು ಒಪ್ಪಿಕೊಂಡಿದ್ದೇನೆ, ಕಾರಣ ತಿಳಿದಿಲ್ಲ.

ಉತ್ತರ: ಸಂಖ್ಯಾರೇಖೆಯ ಮೇಲೆ 3 ಎಂಬುದು 5ರ ಎಡಕ್ಕಿದೆ. ಎರಡನ್ನೂ −1ರಿಂದ ಗುಣಿಸಿದರೆ ಅವು ಸೊನ್ನೆಯ ಆಚೆ ಬದಿಗೆ ಹೊರಳುತ್ತವೆ. ಆಗ ಸೊನ್ನೆಯಿಂದ ಹೆಚ್ಚು ದೂರವಿರುವ −5 ಎಡಕ್ಕೂ −3 ಬಲಕ್ಕೂ ನಿಲ್ಲುತ್ತವೆ. ಕ್ರಮವೇ ಅದಲುಬದಲಾದ ಮೇಲೆ ಚಿಹ್ನೆಯೂ ತಿರುಗಲೇಬೇಕು. 900 ಲೀಟರ್ ಇರುವ ತೊಟ್ಟಿಯಿಂದ ನಿಮಿಷಕ್ಕೆ 40 ಲೀಟರ್ ಹೊರಹೋಗುತ್ತಿದ್ದು, ನೀರು 250 ಲೀಟರಿಗಿಂತ ಕಡಿಮೆಯಾಗಬಾರದೆಂದರೆ, ನಿಮಿಷಗಳ ಸಂಖ್ಯೆ ‘ನ’ ಎಂದಾಗ 900 − 40ನ ≥ 250. ಇಲ್ಲಿ −40ರಿಂದ ಭಾಗಿಸಲು ಅಳುಕಾದರೆ 40ನ ಎಂಬುದನ್ನು ಬಲಕ್ಕೂ 250ನ್ನು ಎಡಕ್ಕೂ ಸಾಗಿಸಿ: 650 ≥ 40ನ, ಅಂದರೆ ನ ≤ 16.25. ಚಿಹ್ನೆ ತಿರುಗಿಸದೆ ನ ≥ 16.25 ಎಂದು ಬರೆದವರು, ಹೆಚ್ಚು ಹೊತ್ತು ಹರಿದಷ್ಟೂ ತೊಟ್ಟಿಯಲ್ಲಿ ನೀರು ಹೆಚ್ಚು ಉಳಿಯುತ್ತದೆ ಎಂದು ಹೇಳಿದಂತಾಗುತ್ತದೆ. ಕಾಲವನ್ನು ಪೆಟ್ಟಿಗೆಗಳಂತೆ ಎಣಿಸಬೇಕಿಲ್ಲವಾದ್ದರಿಂದ ಇಲ್ಲಿ ಪೂರ್ಣಸಂಖ್ಯೆಯನ್ನು ಹುಡುಕಬೇಡಿ. ಉತ್ತರ 16 ನಿಮಿಷ 15 ಸೆಕೆಂಡು.