ಓದುಗರ ಪ್ರಶ್ನೆ: ಪ್ರಿಂಟ್ ಗೋಡೆಗೆ ಪ್ಲಾಸ್ಟಿಕ್ ಎಳೆ ಹಾಕಿದ್ರೆ ಕಬ್ಬಿಣ ಬೇಡ್ವಾ?

ಪ್ರಶ್ನೆ: ಸರ್, ಬೆಂಗಳೂರಿಗೆ ಹೋದಾಗ ಹಲಸೂರು ಹತ್ರ ಕೇಂಬ್ರಿಡ್ಜ್ ಲೇಔಟ್‌ನಲ್ಲಿರೋ 3ಡಿ ಪ್ರಿಂಟ್ ಮಾಡಿದ, ಅಂದ್ರೆ ಮಷೀನು ಕಾಂಕ್ರೀಟನ್ನ ಸುತ್ತಿನ ಮೇಲೆ ಸುತ್ತು ಒತ್ತಿ ಗೋಡೆ ಎಬ್ಬಿಸಿದ ಪೋಸ್ಟಾಫೀಸ್ ನೋಡ್ಕೊಂಡು ಬಂದೆ. ಇಂಥ ಗೋಡೆಗೆ ವೇಸ್ಟ್ ಪ್ಲಾಸ್ಟಿಕ್ಕಿನ ಎಳೆ ಕಲಸಿದ್ರೆ ಕಬ್ಬಿಣನೇ ಬೇಡ ಅಂತ ನಮ್ಮ ಭಾವ ವಾದ ಮಾಡ್ತಾರೆ, ಹೌದಾ? – ಒಬ್ಬ ಓದುಗರು, ಹಾಸನ

ಉತ್ತರ: ನಿಮ್ಮ ಭಾವ ಅರ್ಧ ಸರಿ. ಎಳೆ ಕಲಸೋದು ನಿಜ, ಆದ್ರೆ ಅದು ಕಂಬಿ ಮಾಡೋ ಕೆಲಸ ಅಲ್ಲ.

ಆ ಪೋಸ್ಟಾಫೀಸ್ 2023ರ ಆಗಸ್ಟ್‌ನಲ್ಲಿ ಶುರುವಾಗಿದ್ದು, ಎಲ್ ಅಂಡ್ ಟಿ ಕಟ್ಟಿದ್ದು, ತಾಂತ್ರಿಕ ಸಲಹೆ ಐಐಟಿ ಮದ್ರಾಸಿಂದು. 1,021 ಚದರಡಿ, 43 ದಿನದಲ್ಲಿ ಮುಗೀತು, ಯಾಕಂದ್ರೆ ಗೋಡೆಗೆ ಶಟರಿಂಗ್ ಹೊಡೆಯೋದು ಬಿಚ್ಚೋದು ಯಾವ್ದೂ ಇಲ್ಲ. ಈ ಥರದ ಪ್ರಿಂಟಿಂಗ್‌ನಲ್ಲಿ ತೊಂದ್ರೆನೂ ಅಲ್ಲೇ ಇರೋದು. ಹಲಗೆ ಮರೆ ಇಲ್ದೆ ಹಸಿ ಗೋಡೆ ಎರಡೂ ಕಡೆಯಿಂದ ಗಾಳಿ ಬಿಸಿಲಿಗೆ ನೇರ ಸಿಗುತ್ತೆ, ಮೇಲಾಗಿ ಪೈಪಲ್ಲಿ ಸಲೀಸಾಗಿ ಹೋಗ್ಲಿ ಅಂತ ಜಲ್ಲಿ ಕಮ್ಮಿ ಸಿಮೆಂಟ್ ಜಾಸ್ತಿ ಹಾಕಿರ್ತಾರೆ, ನೀರು ಬೇಗ ಆರಿ ಕುಗ್ಗಿ ಮೊದಲ ಕೆಲವು ಗಂಟೇಲೇ ಕೂದಲೆಳೆ ಬಿರುಕು ಬರುತ್ತೆ. ಇದನ್ನ ಹಿಡಿದಿಡೋಕೆ ಪ್ಲಾಸ್ಟಿಕ್ ಎಳೆ ಒಳ್ಳೇದು. ನಮ್ಮ ಕಡೆ ಮಣ್ಣಿನ ಗೋಡೆಗೆ ಹುಲ್ಲು ಕತ್ತರಿಸಿ ತುಳೀತಿರ್ಲಿಲ್ವಾ, ಅದೇ ಲೆಕ್ಕ. ಭಾರ ತಡೆಯೋ ಶಕ್ತಿ ಇದ್ರಿಂದ ಹೆಚ್ಚೋದು ಅಷ್ಟಕ್ಕಷ್ಟೇ, ಎಳೆ ಜಾಸ್ತಿಯಾದ್ರೆ ಕಮ್ಮಿನೂ ಆಗ್ಬಹುದು. ಆದ್ರೆ ಬಿರುಕು ಬಿಟ್ಟ ಮೇಲೂ ತಟ್ಟಂತ ಎರಡು ಹೋಳಾಗಲ್ಲ.

ಇನ್ನೊಂದು ವಿಷ್ಯ ಯಾರೂ ಹೇಳಲ್ಲ. ಚಕ್ಕುಲಿ ಒರಳು ನೆನಪಿಸ್ಕೊಳ್ಳಿ. ನಾಝಲ್‌ನಿಂದ (ಪ್ರಿಂಟರಿನ ಮೂತಿ) ಕಾಂಕ್ರೀಟು ಹಾಗೇ ಒತ್ತಿಕೊಂಡು ಬರುವಾಗ ಒಳಗಿನ ಎಳೆಗಳು ಹೆಚ್ಚಾಗಿ ಅದು ಹರಿಯೋ ದಿಕ್ಕಿಗೇ ಮಲಗ್ತವೆ. ಸುತ್ತಿನ ಉದ್ದಕ್ಕೆ ಬಲ ಬಂತು ಸರಿ, ಆದ್ರೆ ಒಂದು ಸುತ್ತಿನ ಮೇಲೆ ಇನ್ನೊಂದು ಸುತ್ತು ಕೂರೋ ಜಾಗ ಇದ್ಯಲ್ಲ, ಪ್ರಿಂಟ್ ಗೋಡೆಯ ನಿಜವಾದ ವೀಕ್‌ನೆಸ್ ಅದು, ಅಲ್ಲಿ ಎಳೆ ದಾಟೋದೇ ಇಲ್ಲ ಅನ್ನಬಹುದು. ಅದಕ್ಕೆ ಟೊಳ್ಳು ಬಿಟ್ಟು ಕಂಬಿ ನಿಲ್ಲಿಸಿ ಕಾಂಕ್ರೀಟ್ ತುಂಬೋದು ಈಗಲೂ ಬೇಕಾಗುತ್ತೆ.

ಪ್ರಶ್ನೆ: ನೀರಿನ ಬಾಟ್ಲಿ ಕತ್ತರಿಸಿ ಹಾಕಬಹುದಾ? ಇಲ್ಲಾಂದ್ರೆ ಖಾಲಿ ಸಿಮೆಂಟ್ ಚೀಲ? ಮನೆ ಕಟ್ಟಿ ಮುಗಿದು ಚೀಲ ರಾಶಿ ಬಿದ್ದಿದೆ. – ಇನ್ನೊಬ್ಬರು, ಶಿರಸಿ

ಉತ್ತರ: ಎರಡೂ ಒಂದೇ ಪ್ಲಾಸ್ಟಿಕ್ ಅಲ್ಲ. ಬಾಟ್ಲಿ ಪೆಟ್, ಅಂದ್ರೆ ಪಾಲಿಯೆಸ್ಟರ್ ಜಾತಿ. ಸಿಮೆಂಟಿನ ಕ್ಷಾರ ಎಷ್ಟು ಖಾರ ಅಂತ ಗಾರೆಯವರ ಕೈ ನೋಡಿದ್ರೆ ಗೊತ್ತಾಗುತ್ತೆ, ಪಿಎಚ್ 12ರ ಮೇಲೆ. ಅದು ಪೆಟ್ ಎಳೇನ ವರ್ಷಗಟ್ಟಲೆ ನಿಧಾನಕ್ಕೆ ತಿನ್ನುತ್ತೆ. ಚೀಲ ಪಾಲಿಪ್ರೊಪಿಲೀನ್, ಅದಕ್ಕೆ ಕ್ಷಾರದ ಭಯ ಇಲ್ಲ. ಆಸ್ಟ್ರೇಲಿಯಾದ ಜೇಮ್ಸ್ ಕುಕ್ ವಿಶ್ವವಿದ್ಯಾಲಯದವರು ಮರುಬಳಕೆ ಪಾಲಿಪ್ರೊಪಿಲೀನ್‌ನಿಂದಲೇ ಎಳೆ ಮಾಡಿ, ಫುಟ್‌ಪಾತ್ ಕಾಂಕ್ರೀಟಲ್ಲಿ ಕಬ್ಬಿಣದ ಮೆಶ್ ಬದ್ಲು ಹಾಕಿದ್ದಾರೆ. ಫುಟ್‌ಪಾತ್ ಅನ್ನೋದು ಗಮನದಲ್ಲಿರ್ಲಿ, ನೆಲದ ಮೇಲೆ ಮಲಗಿರೋದು ಅದು, ತಾರಸಿ ಅಲ್ಲ.

ಆದ್ರೆ ಅಂಗಳದಲ್ಲಿ ಬಿಸಿಲಿಗೆ ಬಿದ್ದ ಚೀಲ ಮುಟ್ಟಿದ್ರೆ ಪುಡಿಯಾಗುತ್ತಲ್ಲ, ಅಂಥದ್ದು ಬೇಡ. ಮತ್ತೆ ಪ್ಲಾಸ್ಟಿಕ್ ನುಣುಪು, ಸಿಮೆಂಟು ಅದಕ್ಕೆ ಸರಿಯಾಗಿ ಅಂಟಲ್ಲ, ಅದಕ್ಕೇ ಕಂಪನಿಯವ್ರು ದಪ್ಪ ಎಳೆಗೆ ಸುಕ್ಕು, ಗೀರು ಹಾಕಿರ್ತಾರೆ.

ಪ್ರಶ್ನೆ: ಎಷ್ಟು ಹಾಕ್ಬೇಕು? – ಅದೇ ಶಿರಸಿಯವರು

ಉತ್ತರ: ಸಣ್ಣ ಎಳೆ ಆದ್ರೆ ಗಾತ್ರದ ಲೆಕ್ಕದಲ್ಲಿ ಶೇ. 0.1 ಅಂದ್ಕೊಳ್ಳಿ, ಒಂದು ಘನ ಮೀಟರ್ ಕಾಂಕ್ರೀಟಿಗೆ ಸುಮಾರು 900 ಗ್ರಾಂ. ಇಷ್ಟೇನಾ ಅನ್ಸುತ್ತೆ, ಆದ್ರೆ ಅದ್ರಲ್ಲಿ ಲಕ್ಷಗಟ್ಟಲೆ ಎಳೆ ಇರುತ್ತೆ. ಹೆಚ್ಚು ಸುರಿದ್ರೆ ತೆಂಗಿನ ನಾರಿನ ಉಂಡೆ ಥರ ಗಂಟು ಕಟ್ಟುತ್ತೆ, ಪ್ರಿಂಟರ್ ಆದ್ರೆ ನಾಝಲ್ ಕಟ್ಕೊಂಡು ಇಡೀ ಕೆಲಸ ನಿಲ್ಲುತ್ತೆ. ನಾನೇ ಒಂದ್ಸಲ ಚೀಲ ಕತ್ತರಿಸಿ ಮಿಕ್ಸರ್‌ಗೆ ಒಟ್ಟಿಗೇ ಸುರಿದು ಮೇಸ್ತ್ರಿ ಹತ್ರ ಚೆನ್ನಾಗಿ ಬೈಸ್ಕೊಂಡಿದ್ದೀನಿ. ನೀವು ಮಾಡೋದಾದ್ರೆ ಎಳೆ ಬಿಡಿಸಿ ಅರ್ಧ ಇಂಚಿಗೆ ಕತ್ತರಿಸಿ ಸ್ವಲ್ಪ ಸ್ವಲ್ಪವಾಗಿ ಉದುರಿಸಿ, ಮೊದ್ಲು ಬಟ್ಟೆ ಒಗೆಯೋ ಕಲ್ಲಿನ ಸುತ್ತ ಹಾಕಿ ನೋಡಿ, ತಾರಸಿಗಂತೂ ಬೇಡ.