ಗಂಟಿದೆ ಎಂದ ಮಾತ್ರಕ್ಕೆ ತೆಗೆಸಲೇಬೇಕೆ?

ಪ್ರಶ್ನೆ: ನನಗೆ 24 ವರ್ಷ, ಕಾರಟಗಿ ಸಮೀಪದ ಹಳ್ಳಿಯವಳು. ಸ್ನಾನ ಮಾಡುವಾಗ ಎಡ ಸ್ತನದಲ್ಲಿ ಗೋಲಿಯಂತಹ ಗಂಟೊಂದು ಕೈಗೆ ಸಿಕ್ಕಿತು. ನೋವಿಲ್ಲ, ಒತ್ತಿದರೆ ಜಾರುತ್ತದೆ. ಗಂಗಾವತಿಯಲ್ಲಿ ಸ್ಕ್ಯಾನಿಂಗ್ ಮಾಡಿಸಿದಾಗ ‘18 ಮಿ.ಮೀ., ಫೈಬ್ರೋಅಡಿನೋಮಾ, ಬೈರಾಡ್ಸ್ 3’ ಎಂದು ಬರೆದುಕೊಟ್ಟರು. ಆರು ತಿಂಗಳು ಬಿಟ್ಟು ಬರುವಂತೆ ವೈದ್ಯರು ಹೇಳಿದ್ದಾರೆ. ಮುಂದಿನ ವರ್ಷ ಮದುವೆ ಇರುವುದರಿಂದ ಈಗಲೇ ಆಪರೇಷನ್ ಆಗಲಿ ಎಂದು ಅಮ್ಮ ಹೇಳುತ್ತಾರೆ. ಸೂಜಿ ಚುಚ್ಚಿಸಿದರೆ ಕ್ಯಾನ್ಸರ್ ಆಗುತ್ತದೆ, ನಾಟಿ ಔಷಧಿಯಿಂದ ಕರಗಿಸೋಣ ಎಂಬುದು ಸೋದರತ್ತೆಯ ಮಾತು. ನಾನು ಏನು ಮಾಡಲಿ?

ಉತ್ತರ: ನಿಮ್ಮ ವೈದ್ಯರು ಹೇಳಿರುವುದು ಸರಿಯಾಗಿದೆ. ಫೈಬ್ರೋಅಡಿನೋಮಾ ಎಂಬುದು ಸ್ತನದ ಗ್ರಂಥಿ ಮತ್ತು ಅದರ ಸುತ್ತಲಿನ ನಾರಿನ ಅಂಗಾಂಶ ಎರಡೂ ಸೇರಿ ಬೆಳೆದ ಗಡ್ಡೆ. ಇದು ಕ್ಯಾನ್ಸರ್ ಅಲ್ಲ. ಹದಿನೈದರಿಂದ ಮೂವತ್ತೈದರ ವಯಸ್ಸಿನವರಲ್ಲಿ ಇದು ಹೆಚ್ಚು ಕಾಣಿಸುತ್ತದೆ, ಮತ್ತು ನೀವು ವಿವರಿಸಿದಂತೆ ನೋವಿಲ್ಲದೆ ಬೆರಳಿನಡಿ ಜಾರುವುದೇ ಅದರ ಸ್ವಭಾವ. ಬೈರಾಡ್ಸ್ ಎಂಬುದು ಸ್ತನದ ಸ್ಕ್ಯಾನ್ ವರದಿಗೆ ಕೊಡುವ ದರ್ಜೆ; ಬೈರಾಡ್ಸ್ 3 ಎಂದರೆ ಕ್ಯಾನ್ಸರ್ ಇರುವ ಸಾಧ್ಯತೆ ನೂರಕ್ಕೆ ಎರಡನ್ನು ಮೀರುವುದಿಲ್ಲ ಎಂದರ್ಥ. ಆ ಸಣ್ಣ ಪಾಲಿಗಾಗಿಯೇ ಆರು ತಿಂಗಳು, ಒಂದು ವರ್ಷ ಮತ್ತು ಎರಡು ವರ್ಷಗಳಿಗೆ ಮತ್ತೆ ಸ್ಕ್ಯಾನ್ ಮಾಡಿ ನೋಡುತ್ತಾರೆ. ಗಂಟು ಅಷ್ಟೂ ಕಾಲ ಹಾಗೆಯೇ ಇದ್ದರೆ ಅದು ನಿರಪಾಯಕಾರಿ ಎಂದು ನಿರ್ಧರಿಸುತ್ತಾರೆ. ಆದ್ದರಿಂದ ನಿಮ್ಮನ್ನು ಕಾಯಲು ಹೇಳಿರುವುದು ಅಸಡ್ಡೆಯಿಂದಲ್ಲ.

ಗಂಟಿಗೆ ಸೂಜಿ ಚುಚ್ಚಿ ಅದರ ಅಂಶವನ್ನು ತೆಗೆದು ನೋಡುವ ಸೂಜಿ ಪರೀಕ್ಷೆಯ ಬಗೆಗಿನ ಭಯ ನಮ್ಮ ಕೊಪ್ಪಳ, ರಾಯಚೂರು ಭಾಗದಲ್ಲಿ ಬಹಳ ಕೇಳಿಬರುತ್ತದೆ. ಸೂಜಿ ಚುಚ್ಚಿದ್ದರಿಂದ ನಿರಪಾಯಕಾರಿ ಗಂಟು ಕ್ಯಾನ್ಸರ್ ಆಗುವುದಿಲ್ಲ. ಪರೀಕ್ಷೆಯ ನಂತರ ಕ್ಯಾನ್ಸರ್ ಎಂದು ಗೊತ್ತಾದವರಿಗೆ ಅದು ಮೊದಲೇ ಇತ್ತು, ಸೂಜಿ ಅದನ್ನು ತೋರಿಸಿತು ಅಷ್ಟೇ. ನಿಮ್ಮ ವಯಸ್ಸಿನಲ್ಲಿ ಕೈ ಪರೀಕ್ಷೆ ಮತ್ತು ಸ್ಕ್ಯಾನ್ ಎರಡೂ ಒಂದೇ ಮಾತು ಹೇಳುತ್ತಿದ್ದರೆ ಅನೇಕ ತಜ್ಞರು ಸೂಜಿ ಪರೀಕ್ಷೆಯನ್ನು ಮುಂದೂಡುತ್ತಾರೆ. ಆದರೆ ಅನುಮಾನವಿದ್ದರೆ, ಅಥವಾ ತಾಯಿಗೋ ಅಕ್ಕತಂಗಿಯರಿಗೋ ಸ್ತನ ಕ್ಯಾನ್ಸರ್ ಆಗಿದ್ದರೆ, ಮಾಡಿಸುವುದೇ ಲೇಸು. ಈ ವಯಸ್ಸಿನಲ್ಲಿ ಅಂಗಾಂಶ ದಟ್ಟವಾಗಿರುವುದರಿಂದ ಮ್ಯಾಮೊಗ್ರಾಂ (ಸ್ತನದ ಎಕ್ಸ್-ರೇ) ಸಾಮಾನ್ಯವಾಗಿ ಬೇಕಿಲ್ಲ.

ಇನ್ನು ಆಪರೇಷನ್. ಗಂಟು ಮೂರು ಸೆಂಟಿಮೀಟರ್ ದಾಟಿದ್ದರೆ, ಬೇಗನೆ ಬೆಳೆಯುತ್ತಿದ್ದರೆ ಅಥವಾ ಸೂಜಿ ಪರೀಕ್ಷೆಯಲ್ಲಿ ಫಿಲ್ಲೋಯ್ಡ್ಸ್ ಎಂಬ ಬೇರೆ ಬಗೆಯ ಗಡ್ಡೆಯ ಶಂಕೆ ಬಂದರೆ ತೆಗೆಯುವುದು ಸೂಕ್ತ. ಇವು ಯಾವುವೂ ಇಲ್ಲದಿದ್ದರೂ ಮನಸ್ಸಿಗೆ ನೆಮ್ಮದಿ ಇಲ್ಲವೆಂದು ನೀವೇ ಕೇಳಿದರೆ ಶಸ್ತ್ರಚಿಕಿತ್ಸಕರು ಒಪ್ಪಬಹುದು. ಆದರೆ ಆ ಬೇಡಿಕೆ ನಿಮ್ಮದಾಗಿರಬೇಕೇ ಹೊರತು ಗಂಡಿನ ಮನೆಯವರ ಮುಂದೆ ‘ಏನೂ ಇಲ್ಲ’ ಎಂದು ತೋರಿಸುವ ಅವಸರದ್ದಲ್ಲ, ಏಕೆಂದರೆ ತೆಗೆಸಿದರೆ ಕಲೆ ಉಳಿಯುತ್ತದೆ, ಮುಂದೆ ಬೇರೆ ಜಾಗದಲ್ಲಿ ಇನ್ನೊಂದು ಗಂಟು ಬರುವುದನ್ನು ಅದು ತಡೆಯುವುದೂ ಇಲ್ಲ. ಗಂಟು ಇದ್ದರೂ ಗರ್ಭ ಧರಿಸಲು, ಹಾಲುಣಿಸಲು ಅಡ್ಡಿಯಿಲ್ಲ. ಗರ್ಭಾವಸ್ಥೆಯಲ್ಲಿ ಅದು ಹಿಗ್ಗಬಹುದು, ಮುಟ್ಟು ನಿಂತ ಮೇಲೆ ಸಾಮಾನ್ಯವಾಗಿ ಕುಗ್ಗುತ್ತದೆ.

ನಾಟಿ ಔಷಧಿಯ ವಿಷಯದಲ್ಲಿ ಸೋದರತ್ತೆಯವರಿಗೆ ಬೇಸರವಾದರೂ ಸ್ಪಷ್ಟವಾಗಿ ಹೇಳಬೇಕು: ಲೇಪ, ಬರೆ, ಬಿಸಿ ಶಾಖ ಇವು ಯಾವುವೂ ಇದನ್ನು ಕರಗಿಸುವುದಿಲ್ಲ. ಕೆಲವು ಗಂಟುಗಳು ತಾವಾಗಿಯೇ ಕರಗುತ್ತವೆ, ಹೆಸರು ಮಾತ್ರ ಲೇಪಕ್ಕೆ ಬರುತ್ತದೆ. ಬರೆಯಿಂದ ಚರ್ಮ ಸುಟ್ಟು ಕೀವಾದರೆ ಮುಂದಿನ ಪರೀಕ್ಷೆಯೂ ಕಷ್ಟವಾಗುತ್ತದೆ.

ಮುಟ್ಟು ಶುರುವಾದ ಏಳರಿಂದ ಹತ್ತು ದಿನಗಳ ನಡುವೆ, ಸ್ತನ ಮೆತ್ತಗಿರುವಾಗ, ತಿಂಗಳಿಗೊಮ್ಮೆ ಬೆರಳುಗಳಿಂದ ನೋಡಿಕೊಳ್ಳಿ. ದಿನವೂ ಒತ್ತಿ ನೋಡುವುದರಿಂದ ಆತಂಕ ಹೆಚ್ಚುತ್ತದೆಯಷ್ಟೆ. ಆರು ತಿಂಗಳಲ್ಲಿ ಗಂಟಿನ ಅಳತೆ ಐದನೇ ಒಂದು ಭಾಗಕ್ಕಿಂತ ಹೆಚ್ಚು ಬೆಳೆದರೆ, ಅಂದರೆ 18 ಇದ್ದದ್ದು 22 ಮಿ.ಮೀ. ಆದರೆ, ಸೂಜಿ ಪರೀಕ್ಷೆಯನ್ನು ಮುಂದೂಡಬೇಡಿ. ಚರ್ಮ ಒಳಸೆಳೆದುಕೊಂಡರೆ, ತೊಟ್ಟಿನಿಂದ ರಕ್ತ ಬಂದರೆ, ಕಂಕುಳಲ್ಲಿ ಗಂಟು ಕಂಡರೆ ಆರು ತಿಂಗಳು ಕಾಯದೆ ರಾಯಚೂರಿನ ರಿಮ್ಸ್ (ಸರ್ಕಾರಿ ವೈದ್ಯಕೀಯ ಕಾಲೇಜು) ಆಸ್ಪತ್ರೆ ಅಥವಾ ಕೊಪ್ಪಳದ ಜಿಲ್ಲಾ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ವಿಭಾಗಕ್ಕೆ ತೋರಿಸಿ. ಹೋಗುವಾಗ ಗಂಗಾವತಿಯ ಸ್ಕ್ಯಾನ್ ವರದಿ ಮತ್ತು ಫಿಲಂ ಎರಡನ್ನೂ ಒಯ್ಯಿರಿ. ಹಳೆಯ ಅಳತೆ ಇಲ್ಲದೆ ಹೊಸದನ್ನು ಹೋಲಿಸಿ ನೋಡಲು ಬರುವುದಿಲ್ಲ.